ಮೊದಲು ನೋಡಿ, ಆಮೇಲೆ ಕೊಡಿ

ಹಿತ್ತಲಿನ ಹಕ್ಕಿಗಳು ಕಲಿಸುವ ಪಾಠ



ಇಂದು ಬೆಳಿಗ್ಗೆ ನಿಮ್ಮ ಮನೆಯ ಹಿತ್ತಲಲ್ಲಿ ಮೊದಲು ಕೂಗಿದ ಹಕ್ಕಿ ಯಾವುದು?

ಈ ಪ್ರಶ್ನೆಯನ್ನು ಒಂದು ಭಾನುವಾರ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಕೇಳಿದೆ. "ಕಾಗೆ" ಎಂದರು ಕೆಲವರು. "ಕೋಳಿ" ಎಂದ ಒಬ್ಬ ತುಂಟ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳನ್ನು ದೂರುವುದಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಯಾರಾದರೂ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದರೆ ನಾನೂ ಹಾಗೆಯೇ ಸುಮ್ಮನಿರಬೇಕಾಗುತ್ತಿತ್ತು. ಆಗ ನಾನು ದಿನವೂ ಹಕ್ಕಿಗಳಿಗೆ ಅನ್ನ ಹಾಕುತ್ತಿದ್ದೆ, ಆದರೆ ಹಕ್ಕಿಗಳನ್ನು ನೋಡುತ್ತಿರಲಿಲ್ಲ. ಇವೆರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪಿನಿಂದಲೇ ಈ ಪಾಠವನ್ನು ಆರಂಭಿಸೋಣ.

ಒಂದು ಬೇಸಿನ್ನಿನ ಕಥೆ

ಈಗಿರುವ ಧರ್ಮಕೇಂದ್ರಕ್ಕೆ ನಾನು ವರ್ಗವಾಗಿ ಬಂದ ಮೊದಲ ಬೇಸಿಗೆ. ಗುರುನಿವಾಸದ ಹಿಂದೆ ಒಂದು ಸಿಮೆಂಟಿನ ಕಟ್ಟೆ, ಅದರ ಪಕ್ಕದಲ್ಲಿ ಸೀಬೆ ಮರ, ಕರಿಬೇವಿನ ಗಿಡ. ಬಿಸಿಲಿಗೆ ಹಕ್ಕಿಗಳು ಬಾಯಿ ತೆರೆದು ಕುಳಿತಿದ್ದನ್ನು ಕಂಡು ಮರುಗಿದೆ. ಒಂದು ದೊಡ್ಡ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ನೀರು ತುಂಬಿಸಿ ಕಟ್ಟೆಯ ಮೇಲೆ ಇಟ್ಟೆ. ಪಕ್ಕದಲ್ಲಿ ದಿನವೂ ಮಿಕ್ಕ ಅನ್ನ, ಒಂದೆರಡು ಸೇರು ನುಚ್ಚಕ್ಕಿ ಸುರಿಯತೊಡಗಿದೆ. ಪೂಜೆ ಮುಗಿಸಿ ಬಂದು ಸುರಿಯುವುದು, ಕಾಫಿ ಕುಡಿಯಲು ಒಳಗೆ ಹೋಗುವುದು. ಇಷ್ಟೇ ನನ್ನ ಕೆಲಸ. ಒಳ್ಳೆಯ ಕಾರ್ಯ ಮಾಡುತ್ತಿದ್ದೇನೆ ಎಂಬ ತೃಪ್ತಿಯೂ ಇತ್ತು.

ಮೊದಲ ವಾರ ಗುಬ್ಬಚ್ಚಿಗಳು ಬಂದವು, ಪಿಕಳಾರಗಳು ಬಂದವು. ಆಮೇಲೆ ಪಾರಿವಾಳಗಳು ಬಂದವು. ಎರಡು ನಾಲ್ಕಾಯಿತು, ನಾಲ್ಕು ನಲವತ್ತಾಯಿತು. ಬೇಸಿನ್ನಿನ ಅಂಚಿನಲ್ಲಿ ಪಾಚಿ ಕಟ್ಟಿತು. ನೀರಿನೊಳಗೇ ಹಿಕ್ಕೆ ಬೀಳತೊಡಗಿತು. ನೀರು ಕಡಿಮೆಯಾದಾಗ ಅದರ ಮೇಲೆಯೇ ಇನ್ನಷ್ಟು ನೀರು ಸುರಿಯುತ್ತಿದ್ದೆನೇ ಹೊರತು ತೊಳೆಯುತ್ತಿರಲಿಲ್ಲ. ಮಳೆಗಾಲ ಆರಂಭವಾಗುವ ಹೊತ್ತಿಗೆ ಒಂದು ಪಾರಿವಾಳ ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕಟ್ಟೆಯ ಮೂಲೆಯಲ್ಲಿ ಕುಳಿತಿತ್ತು. ಮರುದಿನ ಅದು ಸತ್ತಿತ್ತು. ಅದೇ ವಾರ ಇನ್ನೆರಡು ಸತ್ತವು. ಅವುಗಳ ಜೊತೆಗೆ ಒಂದು ಬೆಳವಕ್ಕಿ ಕೂಡ.

ಊರಿನ ಪಶುವೈದ್ಯರು ಸತ್ತ ಹಕ್ಕಿಯ ಕೊಕ್ಕು ಬಿಡಿಸಿ ತೋರಿಸಿದರು. ಗಂಟಲಲ್ಲಿ ಹಳದಿ ಬಣ್ಣದ, ಗಿಣ್ಣಿನಂಥ ಗಡ್ಡೆ. ಹಕ್ಕಿ ನುಂಗಲಾರದೆ ಹಸಿವಿನಿಂದ ಸತ್ತಿತ್ತು; ಅದೂ ಕಾಳಿನ ರಾಶಿಯ ಮುಂದೆಯೇ! ಇದು ಬರಿಗಣ್ಣಿಗೆ ಕಾಣದ ಏಕಕೋಶ ಪರೋಪಜೀವಿಯಿಂದ ಬರುವ ರೋಗ, ಒಂದು ಹಕ್ಕಿಯ ಎಂಜಲು ಬಿದ್ದ ನೀರು ಮತ್ತು ಕಾಳಿನಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಅವರು ವಿವರಿಸಿದರು.

ನಾನು ಸಪ್ಪೆ ಮುಖ ಮಾಡಿಕೊಂಡು ಬಂದದ್ದನ್ನು ಕಂಡು ನಮ್ಮ ಅಡುಗೆಯ ತಾಯಿ ಹೇಳಿದರು: "ಸ್ವಾಮಿ, ನೀವು ಹಾಕೋದು ಹಾಕಿ ಒಳಗೆ ಹೋಗ್ತೀರ. ಯಾರು ತಿಂದ್ರು, ಯಾರು ತಿನ್ನಲಿಲ್ಲ ಅಂತ ನೋಡೋದೇ ಇಲ್ಲ. ಗುಬ್ಬಚ್ಚಿ ಬರೋದು ನಿಂತು ತಿಂಗಳಾಯ್ತು. ಪಕ್ಕದ್ಮನೆ ತಾತ ಕಿಟಕಿ ತೆಗೆಯೋದನ್ನೇ ಬಿಟ್ಟಿದ್ದಾರೆ."

ಪಕ್ಕದ ಮನೆಯ ಹಿರಿಯರಿಗೆ ಉಬ್ಬಸವಿತ್ತು. ಅವರ ಕಿಟಕಿಯ ಅಂಚಿನ ತುಂಬ ಪಾರಿವಾಳದ ಹಿಕ್ಕೆ. ಗುರುಗಳಿಗೆ ಹೇಗೆ ಹೇಳುವುದೆಂಬ ಸಂಕೋಚದಿಂದ ಅವರು ಬಾಯಿ ಬಿಟ್ಟಿರಲಿಲ್ಲ. ಹಕ್ಕಿಗೂ ಕೇಡು, ನೆರೆಯವರಿಗೂ ಕೇಡು. ಎರಡನ್ನೂ ಮಾಡಿದ್ದು ನನ್ನ ದಾನವೇ.

'ನೋಡಿ' ಎಂದ ಪ್ರಭು

ಪರ್ವತ ಪ್ರಸಂಗದಲ್ಲಿ ಪ್ರಭು ಯೇಸು ಆಕಾಶದ ಹಕ್ಕಿಗಳ ಮಾತನ್ನೆತ್ತುವುದು ನಿಮಗೆಲ್ಲ ತಿಳಿದಿದೆ. ನಾನೂ ಆ ಭಾಗದ ಬಗ್ಗೆ ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇನೆ. ಆದರೆ ಒಂದು ಅಂಶವನ್ನು ಗಮನಿಸಿರಲಿಲ್ಲ. ಅಲ್ಲಿ ಪ್ರಭು ನಮಗೆ ಕೊಡುವ ಆಜ್ಞೆ ಹಕ್ಕಿಗಳಿಗೆ ಉಣಿಸಬೇಕು ಎಂಬುದಲ್ಲ. ಉಣಿಸುವವರು ಸ್ವರ್ಗದ ತಂದೆ. ನಮಗೆ ಹೇಳಿರುವುದು ಅವುಗಳನ್ನು ನೋಡಬೇಕೆಂದು. ಮತ್ತಾಯನು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ದೃಷ್ಟಿ ನೆಟ್ಟು ನೋಡುವುದು ಎಂಬ ಅರ್ಥವಿದೆ. ಇದೇ ಬೋಧನೆಯನ್ನು ಬರೆಯುವಾಗ ಲೂಕನು ಬಳಸುವ ಪದಕ್ಕೆ ಮನಸ್ಸಿಟ್ಟು ಗಮನಿಸುವುದು, ವಿಚಾರ ಮಾಡುವುದು ಎಂಬ ಅರ್ಥ.

ಲೂಕನಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಬರುವುದು ಬರಿಯ 'ಹಕ್ಕಿಗಳು' ಅಲ್ಲ, ಕಾಗೆಗಳು! ಯಾಜಕಕಾಂಡದ ನಿಯಮದ ಪ್ರಕಾರ ಕಾಗೆ ಅಶುದ್ಧ ಪಕ್ಷಿ. ಯೆಹೂದ್ಯರು ಮುಟ್ಟದ ಪಕ್ಷಿಯನ್ನೇ ಆರಿಸಿ, ಅದನ್ನು ಗಮನಿಸಿ ಎಂದರು ಪ್ರಭು. ನಮ್ಮಲ್ಲಿಯೂ ಕಾಗೆಯನ್ನು ಬೇಡದ ಹಕ್ಕಿ ಎಂದು ಕಲ್ಲು ಬೀಸಿ ಓಡಿಸುವವರೇ ಹೆಚ್ಚಲ್ಲವೇ?

ಪ್ರೀತಿಯೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದ್ದಾರೆ. ಇದನ್ನು ಗುರುಮಠದಲ್ಲಿ ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಇನ್ನೊಬ್ಬರ ಒಳಿತು ಯಾವುದೆಂದು ತಿಳಿಯದೆ ಅದನ್ನು ಬಯಸುವುದಾದರೂ ಹೇಗೆ? ತಿಳಿಯಬೇಕಾದರೆ ನೋಡಬೇಕು. ನೋಡದೆ ಕೊಟ್ಟ ದಾನ ಅನೇಕ ಸಲ ಕೊಡುವವನ ತೃಪ್ತಿಗಾಗಿಯೇ ಇರುತ್ತದೆ. ನನ್ನ ಬೇಸಿನ್ನು ಅಂಥದ್ದು.

ಹದಿನೈದು ನಿಮಿಷ ನೋಡಿ

ಹಾಗಾದರೆ ನೋಡುವುದು ಹೇಗೆ? ಇದಕ್ಕೆ ದುರ್ಬೀನು ಬೇಕಿಲ್ಲ, ಕಾಡಿಗೂ ಹೋಗಬೇಕಿಲ್ಲ. ಬೆಳಿಗ್ಗೆ ಅಥವಾ ಸಂಜೆ ಹದಿನೈದು ನಿಮಿಷ ಹಿತ್ತಲಿನ ಬಾಗಿಲಲ್ಲಿಯೋ ಮಹಡಿಯ ಮೇಲೆಯೋ ಸದ್ದಿಲ್ಲದೆ ಕುಳಿತರೆ ಸಾಕು. ಕೈಯಲ್ಲಿ ಒಂದು ನೋಟ್‌ಪುಸ್ತಕ ಇರಲಿ. ದಿನಾಂಕ, ಸಮಯ, ಕಂಡ ಹಕ್ಕಿ, ಎಷ್ಟು ಕಂಡವು, ಏನು ಮಾಡುತ್ತಿದ್ದವು ಎಂಬುದನ್ನು ಮಕ್ಕಳಿಂದ ಬರೆಸಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಕೊಕ್ಕಿನ ಆಕಾರ, ಬಾಲದ ಉದ್ದ ಬರೆದುಕೊಂಡರೆ ಆಯಿತು. ಹೆಸರನ್ನು ಆಮೇಲೆ ಹುಡುಕಬಹುದು.

ನಮ್ಮ ಹಿತ್ತಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಹಕ್ಕಿಗಳು ಇಲ್ಲಿವೆ. ಗುಬ್ಬಚ್ಚಿಗಳಲ್ಲಿ ಗಂಡಿನ ಗಂಟಲಿನಲ್ಲಿ ಕಪ್ಪು ಮಚ್ಚೆಯಿರುತ್ತದೆ. ಹೆಣ್ಣು ಮಾಸಲು ಕಂದು. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇದ್ದರೆ ಅದು ಪಿಕಳಾರ. ಬಾಗಿದ ಸಣ್ಣ ಕೊಕ್ಕಿನಿಂದ ದಾಸವಾಳದ ಮಕರಂದ ಹೀರುವ ಬೆರಳುದ್ದದ ಹಕ್ಕಿ ಸೂರಕ್ಕಿ. ಕಪ್ಪು ಬಿಳುಪು ಬಟ್ಟೆ ತೊಟ್ಟು, ಬಾಲವನ್ನು ಮೇಲೆತ್ತಿ ನಡೆಯುವುದು ಮಡಿವಾಳ ಹಕ್ಕಿ. ಬೇಸಿಗೆಯ ನಸುಕಿನಲ್ಲಿ ಅದರಷ್ಟು ಇಂಪಾಗಿ ಹಾಡುವ ಹಕ್ಕಿ ನಮ್ಮ ಊರುಗಳಲ್ಲಿ ಕಡಿಮೆ. ಕಣ್ಣಿನ ಸುತ್ತ ಹಳದಿ ಇರುವುದು ಗೊರವಂಕ. ಐದಾರು ಹಕ್ಕಿಗಳು ಒಟ್ಟಿಗೆ ನೆಲದ ಮೇಲೆ ಕುಪ್ಪಳಿಸುತ್ತ ಗದ್ದಲ ಮಾಡುತ್ತಿದ್ದರೆ ಅವು ಹರಟೆಮಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಪುಟ್ಟ ಹಕ್ಕಿ ಸಿಂಪಿಗ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಡುತ್ತದೆ ಎಂಬುದನ್ನು ನೀವು ಪಾಠಪುಸ್ತಕದಲ್ಲಿ ಓದಿದ್ದೀರಿ. ಕಪ್ಪು ಮೈ, ಕೆಂಪು ಕಣ್ಣಿನ ಗಂಡು ಕೂಗುತ್ತ ಕಾಗೆಗಳನ್ನು ತನ್ನ ಬೆನ್ನು ಹತ್ತುವಂತೆ ಮಾಡುವುದನ್ನು ನೀವು ಕಣ್ಣಾರೆ ಕಂಡಿದ್ದೀರಾ?

ಹೀಗೆ ನೋಡಿ ಬರೆದಿಟ್ಟದ್ದು ವ್ಯರ್ಥವಾಗುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಹಿತ್ತಲಿನ ಹಕ್ಕಿಗಳ ಗಣತಿಯೊಂದು ಆರಂಭವಾಯಿತು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ, ಜನಸಾಮಾನ್ಯರು ಕನಿಷ್ಠ ಹದಿನೈದು ನಿಮಿಷ ಹಕ್ಕಿಗಳನ್ನು ಎಣಿಸಿ ಕಳುಹಿಸುತ್ತಾರೆ. 2013ರಿಂದ ಭಾರತದವರೂ ಇದರಲ್ಲಿ ಪಾಲ್ಗೊಳ್ಳುತ್ತಿದ್ದಾರೆ. ನಮ್ಮ ದೇಶದ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ವರ್ಷಗಳಿಂದ ಬರೆದಿಟ್ಟ ಇಂಥ ಪಟ್ಟಿಗಳಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸಿದ್ಧವಾಯಿತು. ಅದರಲ್ಲಿರುವುದು ಚಿಂತೆಯ ಸಂಗತಿ. ದೀರ್ಘಕಾಲದ ಏರಿಳಿತ ಲೆಕ್ಕಹಾಕಲು ಸಾಧ್ಯವಾದ 338 ಜಾತಿಯ ಹಕ್ಕಿಗಳಲ್ಲಿ 204 ಇಳಿಮುಖವಾಗಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇಳಿಮುಖವಾದವುಗಳಲ್ಲಿ ಒಂದು. ಹೆಚ್ಚುತ್ತಿರುವ ಕೆಲವೇ ಹಕ್ಕಿಗಳಲ್ಲಿ ನನ್ನ ಕಟ್ಟೆಗೆ ಬಂದ ಪಾರಿವಾಳವೂ ಸೇರಿದೆ!

ನೋಡುವ ಅಭ್ಯಾಸ ಒಬ್ಬ ಬಾಲಕನ ಬದುಕನ್ನೇ ಬದಲಿಸಿದ ಉದಾಹರಣೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬೈಯ ಹುಡುಗನೊಬ್ಬ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದು ಬೀಳಿಸಿದ. ಅದರ ಗಂಟಲಲ್ಲಿ ಹಳದಿ ಮಚ್ಚೆಯಿತ್ತು. ಇದೇಕೆ ಹೀಗೆ ಎಂಬ ಕುತೂಹಲಕ್ಕೆ ಅವನ ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿ ಹಕ್ಕಿಗಳ ಸಂಗ್ರಹವನ್ನು ಕಂಡ ಆ ಹುಡುಗನೇ ಮುಂದೆ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ ಆದರು. 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದಲೇ. ಒಂದು ಗುಬ್ಬಿಯನ್ನು ಎಚ್ಚರಿಕೆಯಿಂದ ನೋಡಿದ್ದರ ಫಲವಿದು.

ಕಾಳಿಗಿಂತ ಮೊದಲು ನೀರು

ಈಗ ಕೊಡುವ ಮಾತಿಗೆ ಬರೋಣ. ನಮ್ಮ ನಾಡಿನಲ್ಲಿ ಹಕ್ಕಿಗಳಿಗೆ ಮನುಷ್ಯರಿಂದ ಹೆಚ್ಚಾಗಿ ಬೇಕಾಗುವುದು ನೀರು, ಅದರಲ್ಲೂ ಫೆಬ್ರವರಿಯಿಂದ ಮೇ ತನಕ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಇದಕ್ಕೆ ಉತ್ತಮ. ಒಂದರಿಂದ ಎರಡು ಅಂಗುಲ ನೀರು ಸಾಕು. ಆಳವಾದ ಬಕೆಟ್ಟು, ಬೇಸಿನ್ನುಗಳಲ್ಲಿ ಸಣ್ಣ ಹಕ್ಕಿಗಳು ಮುಳುಗಿ ಸಾಯುತ್ತವೆ. ತಟ್ಟೆಯ ನಡುವೆ ಒಂದು ಒರಟು ಕಲ್ಲು ಇಟ್ಟರೆ ಕುಳಿತು ಕುಡಿಯಲು ಅನುಕೂಲ. ನೆರಳಿನಲ್ಲಿಡಿ, ಬೆಕ್ಕು ಅಡಗಿ ಕೂರುವ ಪೊದೆಯಿಂದ ನಾಲ್ಕು ಹೆಜ್ಜೆ ದೂರವಿರಲಿ.

ಮುಖ್ಯವಾದ ನಿಯಮವೊಂದಿದೆ. ಪ್ರತಿದಿನ ಹಳೆಯ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು, ಹೊಸ ನೀರು ಹಾಕಬೇಕು. ಇದರಿಂದ ಎರಡು ಲಾಭ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಬೇಕು. ದಿನವೂ ನೀರು ಚೆಲ್ಲಿದರೆ ಅದಕ್ಕೆ ಅವಕಾಶವೇ ಇಲ್ಲ. ಎರಡನೆಯದಾಗಿ, ನಾನು ಮೊದಲು ಹೇಳಿದ ಗಂಟಲ ರೋಗದ ಜೀವಿ ಒಣಗಿದ ಜಾಗದಲ್ಲಿ ಬದುಕಲಾರದು. ಆದ್ದರಿಂದ ಎರಡು ತಟ್ಟೆ ಇಟ್ಟುಕೊಳ್ಳಿ. ಒಂದು ಹೊರಗಿರುವಾಗ ಇನ್ನೊಂದು ಬಿಸಿಲಿನಲ್ಲಿ ಚೆನ್ನಾಗಿ ಒಣಗಲಿ.

ಈ ರೋಗವನ್ನು ಹಗುರವಾಗಿ ಎಣಿಸಬೇಡಿ. ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಹಾಕುವುದು ಬ್ರಿಟನ್ನಿನಲ್ಲಿ ಮನೆಮನೆಯ ರೂಢಿ. ಅಲ್ಲಿ 2005ರಿಂದ ಇದೇ ರೋಗ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿಗಳಿಗೆ ತಗುಲಿತು. ಒಂದು ಕಾಲದಲ್ಲಿ ಎಲ್ಲ ತೋಟಗಳಲ್ಲೂ ಕಾಣುತ್ತಿದ್ದ ಆ ಹಕ್ಕಿ 2021ರಲ್ಲಿ ಆ ದೇಶದ ಅಪಾಯದಲ್ಲಿರುವ ಹಕ್ಕಿಗಳ ಕೆಂಪುಪಟ್ಟಿಗೆ ಸೇರಿತು. ಪ್ರೀತಿಯಿಂದ ಇಟ್ಟ ಕಾಳಿನ ತಟ್ಟೆಯ ಸುತ್ತ ಹಕ್ಕಿಗಳು ಗುಂಪು ಸೇರಿದ್ದೇ ರೋಗ ಹರಡಲು ದಾರಿಯಾಯಿತು. ನಿಮ್ಮ ಹಿತ್ತಲಲ್ಲಿ ಹಕ್ಕಿಯೊಂದು ಗರಿ ಉಬ್ಬಿಸಿಕೊಂಡು ಮಂಕಾಗಿ ಕುಳಿತದ್ದು ಕಂಡರೆ ಕಾಳು, ನೀರು ಎರಡನ್ನೂ ಕೂಡಲೇ ನಿಲ್ಲಿಸಿ, ಕೆಲವು ವಾರಗಳ ಕಾಲ ಹಕ್ಕಿಗಳು ಚದುರಿ ಹೋಗಲು ಬಿಡಿ. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿ.

ಕಾಳು: ಎಷ್ಟು, ಏನು?

ಕಾಳು ಹಾಕುವುದೇ ತಪ್ಪೇ? ತಪ್ಪಲ್ಲ, ಆದರೆ ಅದಕ್ಕೆ ಮಿತಿ ಬೇಕು. ಸಜ್ಜೆ, ನವಣೆ, ರಾಗಿ, ನುಚ್ಚಕ್ಕಿ ಇವುಗಳಲ್ಲಿ ಒಂದು ಹಿಡಿ ಸಾಕು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ಹಾಕಿ, ಮಿಕ್ಕದ್ದನ್ನು ಗುಡಿಸಿ ತೆಗೆಯಿರಿ. ಸಂಜೆಯ ತನಕ ಬಿದ್ದಿದ್ದರೆ ಇಲಿ, ಹೆಗ್ಗಣಗಳಿಗೆ ಔತಣ. ಮಾಗಿದ ಬಾಳೆ, ಪಪ್ಪಾಯಿ, ಸೀಬೆಯ ತುಂಡುಗಳನ್ನು ಪಿಕಳಾರ, ಕೋಗಿಲೆ, ಕುಟ್ರು ಹಕ್ಕಿಗಳು ಇಷ್ಟಪಟ್ಟು ತಿನ್ನುತ್ತವೆ.

ಉಪ್ಪು ಹಾಕಿದ ಮಿಕ್ಸ್ಚರ್, ಚಿಪ್ಸ್, ಸಾರನ್ನ, ಬಿಸ್ಕತ್ತು, ಬೂಸ್ಟು ಹಿಡಿದ ಬ್ರೆಡ್ಡು ಬೇಡ. ಹಾಲನ್ನು ಹಕ್ಕಿಗಳು ಜೀರ್ಣಿಸಿಕೊಳ್ಳಲಾರವು. ಕೆಲವರು ಗೂಡಿನಿಂದ ಬಿದ್ದ ಮರಿಗೆ ಹಾಲು ಕುಡಿಸಿ, ಅದು ಸತ್ತಾಗ ಅಳುತ್ತಾರೆ. ಮರಿಗೆ ಗರಿ ಬಂದಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ; ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕು ನಾಯಿಗೆ ಸಿಗದಂತೆ ಪೊದೆಯ ಮೇಲೆ ಕೂರಿಸಿ ನೀವು ದೂರ ಸರಿದರೆ ಸಾಕು. ಗಿಳಿಮರಿ ಸಿಕ್ಕಿತೆಂದು ಪಂಜರಕ್ಕೆ ಹಾಕಬೇಡಿ. ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಪಾರಿವಾಳಗಳು ಗುಂಪು ಕಟ್ಟಿ ಬರತೊಡಗಿದರೆ ಕಾಳು ಹಾಕುವುದನ್ನು ನಿಲ್ಲಿಸಿ. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳನ್ನು ಬಹುಕಾಲ ಉಸಿರಾಡಿದರೆ ಕೆಲವರ ಶ್ವಾಸಕೋಶಕ್ಕೆ ಉರಿಯೂತ ಬರುತ್ತದೆ, ಕೆಲವೊಮ್ಮೆ ಗುಣವಾಗದಷ್ಟು ಹಾನಿಯಾಗುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. 2025ರಲ್ಲಿ ಮುಂಬೈಯ ಪಾರಿವಾಳಗಳ ಕಾಳುಕಟ್ಟೆಗಳನ್ನು ಮುಚ್ಚಿಸಿದಾಗ ದೊಡ್ಡ ವಿವಾದವೇ ಎದ್ದಿತು. ಕಾಳು ಹಾಕುವವರು ದಯೆಯ ಮಾತಾಡಿದರು, ಅಕ್ಕಪಕ್ಕದವರು ಉಸಿರಿನ ಮಾತಾಡಿದರು. ಹಕ್ಕಿಗೆ ತೋರಿಸುವ ದಯೆಯ ಭಾರವನ್ನು ಪಕ್ಕದ ಮನೆಯ ರೋಗಿ ಹೊರುವಂತಾಗಬಾರದು. ನೆರೆಯವರನ್ನೂ ನೋಡಬೇಕಾದದ್ದು ನಮ್ಮ ಕರ್ತವ್ಯ.

ಗುಬ್ಬಚ್ಚಿಗೆ ಬೇಕಾದುದೇನು?

ಶುಭಸಂದೇಶದಲ್ಲಿ ಗುಬ್ಬಚ್ಚಿಯ ಬೆಲೆ ಎರಡು ಕಡೆ ಬರುತ್ತದೆ. ಮತ್ತಾಯನ ಪ್ರಕಾರ ಒಂದು ಕಾಸಿಗೆ ಎರಡು. ಲೂಕನ ಪ್ರಕಾರ ಎರಡು ಕಾಸಿಗೆ ಐದು. ಅಂದರೆ ಐದನೆಯದು ಕೊಸರು! ಲೆಕ್ಕಕ್ಕೇ ಇಲ್ಲದ ಆ ಐದನೆಯ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲ ಎಂಬುದೇ ಅಲ್ಲಿನ ಬೋಧನೆ.

ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾದದ್ದು ಎಲ್ಲರಿಗೂ ಗೊತ್ತು. ಮೊಬೈಲ್ ಗೋಪುರಗಳೇ ಕಾರಣವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದಕ್ಕೆ ಖಚಿತ ಪುರಾವೆ ಸಿಕ್ಕಿಲ್ಲ. ಹೆಂಚಿನ ಮನೆಯ ಸಂದು, ಗೋಡೆಯ ತೂತು, ಫೋಟೋದ ಹಿಂಬದಿ ಗುಬ್ಬಚ್ಚಿಯ ಹಳೆಯ ಗೂಡುಗಳು. ಕಾಂಕ್ರೀಟು, ಗಾಜಿನ ಕಟ್ಟಡದಲ್ಲಿ ಅದಕ್ಕೆ ಜಾಗವಿಲ್ಲ. ಇನ್ನೊಂದು ವಿಷಯವನ್ನು ನಾವು ಯೋಚಿಸುವುದೇ ಇಲ್ಲ. ದೊಡ್ಡ ಗುಬ್ಬಚ್ಚಿ ಕಾಳು ತಿಂದರೂ, ಗೂಡಿನಲ್ಲಿರುವ ಎಳೆಯ ಮರಿಗೆ ಅದು ತಂದು ಕೊಡುವುದು ಹುಳುಹುಪ್ಪಟೆ. ಮೊದಮೊದಲ ದಿನಗಳಲ್ಲಿ ಹುಳು ಸಿಗದಿದ್ದರೆ ಮರಿ ಬದುಕುವುದಿಲ್ಲ. ಅಂಗಳಕ್ಕೆಲ್ಲ ಸಿಮೆಂಟು ಬಳಿದು, ಗಿಡಗಳಿಗೆ ಕೀಟನಾಶಕ ಹೊಡೆದು, ಮೇಲೊಂದು ಹಿಡಿ ಅಕ್ಕಿ ಚೆಲ್ಲಿದರೆ ಪ್ರಯೋಜನವೇನು?

ಆದ್ದರಿಂದ ನಿಜವಾದ ಹಕ್ಕಿಯೂಟ ಗಿಡದಲ್ಲಿದೆ. ಒಂದು ದಾಸವಾಳ, ಒಂದು ನುಗ್ಗೆ, ಒಂದು ಸೀಬೆ, ಒಂದು ಕರಿಬೇವು ಇಷ್ಟಕ್ಕೆ ಜಾಗವಿದ್ದರೆ ಸಾಕು. ಹೂವಿಗೆ ಸೂರಕ್ಕಿ ಬರುತ್ತದೆ, ಕರಿಬೇವಿನ ಹಣ್ಣಿಗೆ ಪಿಕಳಾರ ಬರುತ್ತದೆ, ಎಲೆಯ ಹುಳುವಿಗೆ ಸಿಂಪಿಗ ಬರುತ್ತದೆ. ಮೂಲೆಯೊಂದರಲ್ಲಿ ಒಣಗಿದ ಎಲೆಗಳನ್ನು ಸುಡದೆ ಬಿಡಿ. ಹರಟೆಮಲ್ಲಗಳು ಅದನ್ನು ಕೆದಕಿ ಹುಳು ಹೆಕ್ಕುತ್ತವೆ. ಮಹಡಿ ಮನೆಯಲ್ಲಿರುವವರು ಕುಂಡದಲ್ಲಿ ದಾಸವಾಳ ಬೆಳೆಸಬಹುದು. ಗುಬ್ಬಚ್ಚಿಗಾಗಿ ಮರದ ಪೆಟ್ಟಿಗೆ ಕಟ್ಟುವುದಾದರೆ ಸುಮಾರು 32 ಮಿಲಿಮೀಟರ್ ಅಗಲದ ತೂತು ಸಾಕು. ನೆರಳಿನ ಗೋಡೆಯ ಮೇಲೆ, ಬೆಕ್ಕಿಗೆ ಎಟುಕದಷ್ಟು ಎತ್ತರದಲ್ಲಿರಲಿ.

ಒಂದು ಊರಿನ ಸಾಕ್ಷಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ, ಕೊಕ್ಕರೆ ಬೆಳ್ಳೂರು ಎಂಬ ಊರಿದೆ. ಅಲ್ಲಿಗೆ ಪ್ರತಿ ವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮನೆಗಳ ನಡುವಿನ ಹುಣಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಹೆರಿಗೆಗಾಗಿ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮೀನಿನ ವಾಸನೆಯನ್ನೂ ಹಿಕ್ಕೆಯನ್ನೂ ಸಹಿಸಿಕೊಳ್ಳುತ್ತಾರೆ. ಆ ಹಿಕ್ಕೆಯೇ ಅವರ ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಗಮನಿಸಿ, ಆ ಹಕ್ಕಿಗಳು ಊರಿನವರು ಹಾಕಿದ್ದನ್ನು ತಿಂದು ಬದುಕುವುದಿಲ್ಲ. ಕೆರೆ, ಹೊಳೆಗಳಿಂದ ತಾವೇ ಮೀನು ಹಿಡಿದು ತರುತ್ತವೆ. ಊರಿನವರು ಅವುಗಳಿಗೆ ಕೊಟ್ಟಿರುವುದು ಕಡಿಯದೆ ಉಳಿಸಿದ ಮರ, ಎಸೆಯದೆ ಬಿಟ್ಟ ಕಲ್ಲು, ಗೂಡಿನಿಂದ ಬಿದ್ದ ಮರಿಯ ಆರೈಕೆ. ತಲೆಮಾರುಗಳಿಂದ ನೋಡಿದವರಿಗೆ ಏನು ಕೊಡಬೇಕೆಂಬುದು ಗೊತ್ತಿದೆ. ಅವರಿಂದ ನಾವು ಕಲಿಯಬೇಕಾದ್ದು ಬಹಳಷ್ಟಿದೆ.

ಪರಿಸರಕ್ಕಾಗಿ ದುಡಿಯುವವರ ಪಾಲಕರೆಂದು 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅಸಿಸ್ಸಿಯ ಸಂತ ಫ್ರಾನ್ಸಿಸರನ್ನು ಘೋಷಿಸಿದರು. ಆ ಸಂತರ ಹೆಸರನ್ನೇ ಇಟ್ಟುಕೊಂಡ ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸೀ' ಪತ್ರದಲ್ಲಿ, ಪ್ರತಿಯೊಂದು ಜೀವಿಗೂ ಅದರದೇ ಆದ ಬೆಲೆಯಿದೆ ಎಂಬುದನ್ನು ಒತ್ತಿ ಹೇಳಿದರು. ಹಕ್ಕಿ ನಮ್ಮ ಮನಸ್ಸಿನ ಸಂತೋಷಕ್ಕಾಗಿಯಷ್ಟೇ ಇರುವುದಲ್ಲ, ನಮ್ಮ ಪುಣ್ಯ ಸಂಪಾದನೆಯ ಸಾಧನವೂ ಅಲ್ಲ. ಅದು ತನ್ನಷ್ಟಕ್ಕೆ ದೇವರ ಸೃಷ್ಟಿ.

ನನ್ನ ಕಟ್ಟೆ ಈಗ

ಆ ಮಳೆಗಾಲದಲ್ಲಿ ನಾನು ಬೇಸಿನ್ನನ್ನು ತೆಗೆದು, ಕಟ್ಟೆಯನ್ನು ತೊಳೆಸಿ, ಕಾಳು ಹಾಕುವುದನ್ನು ನಿಲ್ಲಿಸಿದೆ. ಪಕ್ಕದ ಮನೆಯ ಹಿರಿಯರಲ್ಲಿಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, "ಬಿಡಿ ಫಾದರ್, ನಿಮ್ಮ ಮನಸ್ಸು ಒಳ್ಳೇದೇ" ಎಂದರು. ಮನಸ್ಸು ಒಳ್ಳೆಯದಿದ್ದರೆ ಸಾಲದು ಎಂಬುದನ್ನು ಅಷ್ಟರಲ್ಲಿ ನಾನು ಕಲಿತಿದ್ದೆ. ಅವರ ಕಿಟಕಿಯ ಅಂಚನ್ನು ನೀರು ಹಾಕಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾವೇ ಶುಚಿ ಮಾಡಿಕೊಟ್ಟೆವು. ಪಾರಿವಾಳಗಳು ಕೆಲವು ದಿನ ಬಂದು ಕಾದು, ಬೇರೆ ಕಡೆ ಹೋದವು.

ಈಗ ಕಟ್ಟೆಯ ಮೇಲೆ ಎರಡು ಮಣ್ಣಿನ ತಟ್ಟೆಗಳಿವೆ. ಬೆಳಗಿನ ಪೂಜೆಯ ನಂತರ ಒಂದನ್ನು ತೊಳೆದು ನೀರು ಹಾಕುತ್ತೇನೆ. ಆಮೇಲೆ ಕಾಫಿಯ ಲೋಟ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತೇನೆ. ಹೋದ ವರ್ಷ ಸಿಂಪಿಗವೊಂದು ಸೀಬೆಯ ಎರಡು ಎಲೆ ಸೇರಿಸಿ ಹೊಲಿಯಿತು. ಧರ್ಮೋಪದೇಶದ ಮಕ್ಕಳು ಒಬ್ಬೊಬ್ಬರಾಗಿ ಬಂದು, ಮುಟ್ಟದೆ, ದೂರದಿಂದ ನೋಡಿ ಹೋದರು. ಗೋಡೆಗೆ ಕಟ್ಟಿದ ಮರದ ಪೆಟ್ಟಿಗೆಯನ್ನು ಒಂದು ಜೋಡಿ ಗುಬ್ಬಚ್ಚಿ ಎರಡು ದಿನ ಇಣುಕಿ ನೋಡಿ ಹೋಯಿತು. ಗೂಡು ಕಟ್ಟಲಿಲ್ಲ. ಅಡುಗೆಯ ತಾಯಿಯೂ ನಾನೂ ಇನ್ನೂ ಕಾಯುತ್ತಿದ್ದೇವೆ.

ತಪಸ್ಸುಕಾಲ ಬರುವುದು ನಮ್ಮ ಬೇಸಿಗೆಯಲ್ಲೇ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ದಿನವೂ ಒಂದು ತಟ್ಟೆ ತೊಳೆದು ನೀರಿಡುವುದನ್ನೂ, ಹದಿನೈದು ನಿಮಿಷ ಮೊಬೈಲು, ಟಿವಿ ಬದಿಗಿಟ್ಟು ಹಿತ್ತಲಲ್ಲಿ ಕೂರುವುದನ್ನೂ ನಿಮ್ಮ ಕುಟುಂಬ ಒಂದು ವ್ರತವಾಗಿ ಕೈಗೊಳ್ಳಬಹುದಲ್ಲವೇ? ಹಕ್ಕಿಯನ್ನು ತಾಳ್ಮೆಯಿಂದ ನೋಡಲು ಕಲಿತ ಮಗು, ಮನೆಯಲ್ಲಿ ಮಾತಿಲ್ಲದೆ ಕುಳಿತ ಅಜ್ಜಿಯನ್ನೂ ನೋಡಲು ಕಲಿಯುತ್ತದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಸುತ್ತ ಬರುವ ಎಷ್ಟು ಹಕ್ಕಿಗಳ ಹೆಸರು ನಮಗೆ ಗೊತ್ತು? ಮನೆಯ ಹಿರಿಯರಿಗೆ ಗೊತ್ತಿರುವ ಹೆಸರುಗಳನ್ನು ಮಕ್ಕಳು ಬರೆದುಕೊಳ್ಳಲಿ.

2. ಹಿರಿಯರ ಬಾಲ್ಯದಲ್ಲಿ ಇದ್ದು, ಈಗ ಕಾಣದಿರುವ ಹಕ್ಕಿ ಯಾವುದು? ಅದರ ಜೊತೆಗೆ ನಮ್ಮ ಹಿತ್ತಲಿನಿಂದ ಇನ್ನೇನು ಕಾಣೆಯಾಗಿದೆ?

3. ನಾವು ಇಟ್ಟ ನೀರಿನ ಪಾತ್ರೆಯನ್ನು ಕಡೆಯ ಬಾರಿ ತೊಳೆದದ್ದು ಯಾವಾಗ? ದಿನವೂ ತೊಳೆಯುವ ಹೊಣೆ ಯಾರದು?

4. ಒಳ್ಳೆಯದೆಂದು ನಾವು ಮಾಡುತ್ತಿರುವ ಯಾವ ಕೆಲಸದಿಂದಾದರೂ ನೆರೆಯವರಿಗೆ ತೊಂದರೆಯಾಗುತ್ತಿದೆಯೇ? ಅವರನ್ನು ಕೇಳಿದ್ದೇವೆಯೇ?

ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಕೂಗುವ ಹಕ್ಕಿ ಯಾವುದೆಂದು ಕೇಳಿ. ಮುಂದಿನ ಭಾನುವಾರ ಪೂಜೆಯ ನಂತರ ನಿಮ್ಮ ಮಕ್ಕಳು ಅದರ ಹೆಸರನ್ನು ತಮ್ಮ ಗುರುಗಳಿಗೆ ಹೇಳಲಿ.